ಬೌದ್ಧಿಕ ಆಸ್ತಿ ಕಾನೂನಿನ ಎಲ್‌ಎಲ್‌ಎಂಗೆ ಅರ್ಜಿ: ಒಂದು ದಾಖಲೆ ಸೇವೆ, ಒಂದು ಸಲಹಾ ಸಂಸ್ಥೆ, ಒಂದು ಉಚಿತ ಕೋರ್ಸು

ಟ್ರೇಡ್‌ಮಾರ್ಕ್ ನೋಂದಣಿ ಮತ್ತು ಆಕ್ಷೇಪಣೆಗಳ ಕೆಲಸದಲ್ಲಿ ನಾಲ್ಕು ವರ್ಷ ಕಳೆದ ಮೇಲೆ, ಬೌದ್ಧಿಕ ಆಸ್ತಿ ಕಾನೂನಿನಲ್ಲಿ ಸ್ನಾತಕೋತ್ತರ ಪದವಿ, ಅಂದರೆ ಎಲ್‌ಎಲ್‌ಎಂ, ಮಾಡಲೇಬೇಕೆಂದು ನಿರ್ಧರಿಸಿ, ಒಂದೇ ವರ್ಷದ ಪ್ರವೇಶಾತಿಗೆ ಐದು ಕಡೆ ಅರ್ಜಿ ಹಾಕಿದೆ. ಆ ಎಂಟು ತಿಂಗಳಲ್ಲಿ ನಾನು ಮೂರು ಸೇವೆಗಳನ್ನು ಬಳಸಿಕೊಂಡೆ. ಅಮೆರಿಕದ ಕಾನೂನು ಶಾಲೆಗಳಿಗೆ ಅಭ್ಯರ್ಥಿಗಳ ದಾಖಲೆಗಳನ್ನು ಒಟ್ಟುಗೂಡಿಸಿ ಕಳುಹಿಸುವ ಲಾ ಸ್ಕೂಲ್ ಅಡ್ಮಿಷನ್ ಕೌನ್ಸಿಲ್‌ನ ದಾಖಲೆ ಸೇವೆ ಒಂದು. ಶುಲ್ಕ ಪಡೆದು ಅರ್ಜಿಯನ್ನು ತಿದ್ದಿಕೊಡುವ ಖಾಸಗಿ ಸಲಹಾ ಸಂಸ್ಥೆ ಇನ್ನೊಂದು. ಜಿನೀವಾದಲ್ಲಿರುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅಂದರೆ ವೈಪೋ, ತನ್ನ ಅಕಾಡೆಮಿಯ ಮೂಲಕ ಉಚಿತವಾಗಿ ನಡೆಸುವ ದೂರಶಿಕ್ಷಣ ಕೋರ್ಸು ಮೂರನೆಯದು. ಇವುಗಳಲ್ಲಿ ಮೊದಲನೆಯದು ತಾನು ಹೇಳಿದ್ದನ್ನು ಮಾಡುತ್ತದೆ, ಎರಡನೆಯದು ನನ್ನ ಪಾಲಿಗೆ ವ್ಯರ್ಥವಾಯಿತು, ಒಂದು ಕಾಸೂ ಕೇಳದ ಮೂರನೆಯದೇ ನನ್ನ ಅರ್ಜಿಗೆ ಆಧಾರವಾಯಿತು. ಹೀಗೇಕೆ ಆಯಿತೆಂಬುದನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಬೌದ್ಧಿಕ ಆಸ್ತಿ ಎಂಬ ವಿಷಯಕ್ಕೆ ಅರ್ಜಿ ಹಾಕುವುದು ಸಾಮಾನ್ಯ ಎಲ್‌ಎಲ್‌ಎಂಗೆ ಅರ್ಜಿ ಹಾಕುವುದಕ್ಕಿಂತ ಬೇರೆಯೇ ಆದ ಕೆಲಸ.

ಮೂರನೆಯದರಿಂದಲೇ ಆರಂಭಿಸುತ್ತೇನೆ. ವೈಪೋ ಅಕಾಡೆಮಿಯಲ್ಲಿ ಡಿಎಲ್-101 ಎಂಬ ಸಾಮಾನ್ಯ ಕೋರ್ಸು ಇದೆ. ಕೃತಿಸ್ವಾಮ್ಯ, ಅದಕ್ಕೆ ಸಂಬಂಧಿಸಿದ ಹಕ್ಕುಗಳು, ಟ್ರೇಡ್‌ಮಾರ್ಕ್, ಭೌಗೋಳಿಕ ಸೂಚಕ, ಕೈಗಾರಿಕಾ ವಿನ್ಯಾಸ, ಪೇಟೆಂಟ್, ಅನುಚಿತ ಸ್ಪರ್ಧೆ, ಹೊಸ ಸಸ್ಯ ತಳಿಗಳ ರಕ್ಷಣೆ, ಇವೆಲ್ಲವೂ ಅದರಲ್ಲಿ ಒಂದೊಂದು ಪಾಠವಾಗಿ ಬರುತ್ತವೆ. ಕೊನೆಗೆ ಆನ್‌ಲೈನ್ ಪರೀಕ್ಷೆ ಇರುತ್ತದೆ. ನಾಲ್ಕು ವರ್ಷ ಟ್ರೇಡ್‌ಮಾರ್ಕ್ ಕಡತಗಳ ನಡುವೆಯೇ ಇದ್ದ ನನಗೆ ಇಷ್ಟು ಪ್ರಾಥಮಿಕ ಕೋರ್ಸು ಬೇಕೇ ಎಂಬ ಸಂದೇಹ ಮೊದಲು ಇತ್ತು. ಆದರೆ ಕಚೇರಿಯ ಕೆಲಸ ನಮ್ಮನ್ನು ಒಂದು ಓಣಿಯೊಳಗೆ ನಡೆಸುತ್ತದೆ. ಪಕ್ಕದ ಓಣಿಯಲ್ಲಿ ಏನು ನಡೆದಿದೆ ಎಂಬುದು ತಿಳಿಯುವುದೇ ಇಲ್ಲ. ಭೌಗೋಳಿಕ ಸೂಚಕದ ಪಾಠ ಓದುವಾಗ, ಟ್ರೇಡ್‌ಮಾರ್ಕ್ ಒಬ್ಬ ವ್ಯಾಪಾರಿಯನ್ನು ಗುರುತಿಸಿದರೆ ಭೌಗೋಳಿಕ ಸೂಚಕ ಒಂದು ಸೀಮೆಯನ್ನೇ ಗುರುತಿಸುತ್ತದೆ ಎಂಬ ಸರಳ ವ್ಯತ್ಯಾಸ ಎಷ್ಟು ದೊಡ್ಡ ಜಗಳಗಳಿಗೆ ಮೂಲವೆಂದು ಮೊದಲ ಬಾರಿಗೆ ಸ್ಪಷ್ಟವಾಯಿತು. ಪ್ರಮಾಣಪತ್ರವೊಂದನ್ನೇ ನೋಡಿ ಯಾವ ವಿಶ್ವವಿದ್ಯಾಲಯವೂ ಸೀಟು ಕೊಡುವುದಿಲ್ಲ. ಆದರೂ ಆ ಕೋರ್ಸು ಮುಗಿಯುವಷ್ಟರಲ್ಲಿ ನನಗೆ ಪೇಟೆಂಟ್‌ಗಿಂತ ಗುರುತುಗಳ ಕಾನೂನಿನಲ್ಲಿಯೇ ಮುಂದುವರಿಯಬೇಕೆಂಬುದು ಖಚಿತವಾಯಿತು, ಮತ್ತು ಅರ್ಜಿ ಹಾಕಬೇಕಾದ ಕಡೆಗಳ ಪಟ್ಟಿ ಹನ್ನೊಂದರಿಂದ ಐದಕ್ಕೆ ಇಳಿಯಿತು.

ಈ ಆಯ್ಕೆಯೇ ಅರ್ಜಿಯ ಅರ್ಧ ಕೆಲಸ. ಹೆಸರಿನಲ್ಲಿ ಎಲ್ಲವೂ ಬೌದ್ಧಿಕ ಆಸ್ತಿ ಕಾನೂನೇ ಆದರೂ ಒಂದೊಂದು ಕಡೆಯ ಕೋರ್ಸಿನ ಹದ ಬೇರೆ. ಮ್ಯೂನಿಕ್ ಇಂಟೆಲೆಕ್ಚುಯಲ್ ಪ್ರಾಪರ್ಟಿ ಲಾ ಸೆಂಟರ್ ಅನ್ನು ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ, ಆಗ್ಸ್‌ಬರ್ಗ್ ವಿಶ್ವವಿದ್ಯಾಲಯ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಾನೂನು ಶಾಲೆ ಸೇರಿ ಕಟ್ಟಿವೆ. ಅಲ್ಲಿ ಬೌದ್ಧಿಕ ಆಸ್ತಿಯ ಜೊತೆಗೆ ಸ್ಪರ್ಧಾ ಕಾನೂನನ್ನೂ ಬೋಧಿಸುತ್ತಾರೆ, ಕಾನೂನು ಪದವಿ ಇಲ್ಲದ ಎಂಜಿನಿಯರುಗಳು ಮತ್ತು ಅರ್ಥಶಾಸ್ತ್ರಜ್ಞರೂ ಅರ್ಜಿ ಹಾಕಬಹುದು. ಯುರೋಪಿಯನ್ ಪೇಟೆಂಟ್ ಕಚೇರಿಯ ಕೇಂದ್ರವೂ ಅದೇ ನಗರದಲ್ಲಿದೆ. ಇಟಲಿಯ ಟ್ಯೂರಿನ್ ವಿಶ್ವವಿದ್ಯಾಲಯ ವೈಪೋ ಜೊತೆಗೂಡಿ ನಡೆಸುವ ಎಲ್‌ಎಲ್‌ಎಂನಲ್ಲಿ ಮೊದಲ ಹಂತ ದೂರಶಿಕ್ಷಣ, ಆಮೇಲೆ ಟ್ಯೂರಿನ್‌ನಲ್ಲಿ ವಾಸವಿದ್ದು ಓದು, ಕೊನೆಗೆ ಸಂಶೋಧನಾ ಪ್ರಬಂಧ. ಕೆಲಸವನ್ನು ಪೂರ್ತಿ ಬಿಡಲಾಗದವರು ಈ ಏರ್ಪಾಡನ್ನು ಗಂಭೀರವಾಗಿ ಪರಿಗಣಿಸಬೇಕು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಫ್ರಾಂಕ್ಲಿನ್ ಪಿಯರ್ಸ್ ಕಾನೂನು ಶಾಲೆಯನ್ನು 1973ರಲ್ಲಿ ಸ್ಥಾಪಿಸಿದ ರಾಬರ್ಟ್ ರೈನ್ಸ್ ಸ್ವತಃ ಸಂಶೋಧಕರೂ ಪೇಟೆಂಟ್ ವಕೀಲರೂ ಆಗಿದ್ದರು. ಆ ಶಾಲೆಯ ಪಾಠಪಟ್ಟಿಯಲ್ಲಿ ಇಂದಿಗೂ ಆ ಒಲವು ಕಾಣುತ್ತದೆ. ಲಂಡನ್ನಿನ ಕ್ವೀನ್ ಮೇರಿಯಲ್ಲಿ ಕಾನೂನು ಪದವೀಧರರಿಗೆ ಎಲ್‌ಎಲ್‌ಎಂ ಇದೆ, ವಿಜ್ಞಾನ ಮತ್ತು ಎಂಜಿನಿಯರಿಂಗ್ ಓದಿದವರಿಗೆ ಬೌದ್ಧಿಕ ಆಸ್ತಿ ನಿರ್ವಹಣೆಯ ಎಂಎಸ್‌ಸಿ ಬೇರೆಯಾಗಿಯೇ ಇದೆ. ಈ ಎರಡನ್ನು ಗೊಂದಲ ಮಾಡಿಕೊಂಡು ತಪ್ಪು ಕೋರ್ಸಿಗೆ ಅರ್ಜಿ ಹಾಕಿದವರೊಬ್ಬರನ್ನು ನಾನು ಬಲ್ಲೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪೇಟೆಂಟ್ ಏಜೆಂಟ್ ಅಥವಾ ಅಟಾರ್ನಿ ಆಗುವ ಆಸೆಯಿಂದ ಎಲ್‌ಎಲ್‌ಎಂಗೆ ಬರುವವರು ಆ ವೃತ್ತಿಯ ಬಾಗಿಲು ಎಲ್ಲಿದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಅಮೆರಿಕದ ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಕಚೇರಿಯ ಮುಂದೆ ಆವಿಷ್ಕಾರಗಳ ಪೇಟೆಂಟ್ ಅರ್ಜಿಗಳನ್ನು ನಡೆಸಲು ಬೇಕಾದ ನೋಂದಣಿ ಪರೀಕ್ಷೆಗೆ ಕೂರಬೇಕಾದರೆ ವಿಜ್ಞಾನ ಅಥವಾ ತಂತ್ರಜ್ಞಾನದ ಹಿನ್ನೆಲೆ ಇರಲೇಬೇಕು. ಯುರೋಪಿಯನ್ ಪೇಟೆಂಟ್ ಕಚೇರಿಯ ಅರ್ಹತಾ ಪರೀಕ್ಷೆಗೂ ಇದೇ ನಿಯಮ, ಜೊತೆಗೆ ವರ್ಷಗಳ ತರಬೇತಿ ಬೇರೆ. ಕಾನೂನಿನ ಎಷ್ಟೇ ದೊಡ್ಡ ಪದವಿ ಈ ಕೊರತೆಯನ್ನು ತುಂಬುವುದಿಲ್ಲ. ಪೇಟೆಂಟ್ ವ್ಯಾಜ್ಯಗಳನ್ನು ನ್ಯಾಯಾಲಯದಲ್ಲಿ ನಡೆಸುವುದು, ಪರವಾನಗಿ ಒಪ್ಪಂದಗಳನ್ನು ಬರೆಯುವುದು, ನೀತಿ ನಿರೂಪಣೆಯಲ್ಲಿ ತೊಡಗುವುದು ಬೇರೆ ವಿಷಯ. ಅದಕ್ಕೆ ಎಲ್‌ಎಲ್‌ಎಂ ನಿಜಕ್ಕೂ ನೆರವಾಗುತ್ತದೆ.

ಇನ್ನು ಲಾ ಸ್ಕೂಲ್ ಅಡ್ಮಿಷನ್ ಕೌನ್ಸಿಲ್‌ನ ದಾಖಲೆ ಸೇವೆ. ಅಂಕಪಟ್ಟಿ, ಶಿಫಾರಸು ಪತ್ರ, ಇಂಗ್ಲಿಷ್ ಭಾಷಾ ಪರೀಕ್ಷೆಯ ಫಲಿತಾಂಶ, ಇವುಗಳನ್ನು ಒಮ್ಮೆ ಅಲ್ಲಿಗೆ ತಲುಪಿಸಿದರೆ, ನಾವು ಅರ್ಜಿ ಹಾಕಿದ ಶಾಲೆಗಳಿಗೆಲ್ಲ ಅವರೇ ಕಳುಹಿಸುತ್ತಾರೆ. ಅಮೆರಿಕದ ಮೂಲ ಕಾನೂನು ಪದವಿಯಾದ ಜೆಡಿಗೆ ಕೇಳುವಂತೆ ಎಲ್‌ಎಲ್‌ಎಂಗೆ ಸಾಮಾನ್ಯವಾಗಿ ಎಲ್‌ಸ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬೇಕಾಗುವುದಿಲ್ಲ ಎಂಬುದನ್ನು ತಿಳಿಯದೆ ಆತಂಕಪಡುವವರು ಬಹಳ ಮಂದಿ. ಈ ಸೇವೆಯ ಒಂದು ನಿಯಮ ಮಾತ್ರ ಅಭ್ಯರ್ಥಿಯ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಅಂಕಪಟ್ಟಿ ಅಭ್ಯರ್ಥಿಯ ಕೈಯಿಂದ ಹೋಗುವಂತಿಲ್ಲ, ಪದವಿ ಕೊಟ್ಟ ಸಂಸ್ಥೆಯೇ ಅದನ್ನು ನೇರವಾಗಿ ಕಳುಹಿಸಬೇಕು. ಖಾತೆಯಿಂದ ಒಂದು ಕೋರಿಕೆ ನಮೂನೆಯನ್ನು ಮುದ್ರಿಸಿಕೊಂಡು, ಅದನ್ನು ಓದಿದ ಸಂಸ್ಥೆಯ ಕಚೇರಿಗೆ ಕೊಟ್ಟು, ಅಂಕಪಟ್ಟಿಯ ಜೊತೆಗೆ ಅದೂ ಲಕೋಟೆಯೊಳಗೆ ಸೇರುವಂತೆ ನೋಡಿಕೊಳ್ಳಬೇಕು. ಲಕೋಟೆ ಅಂಟಿಸಿದ ಮೇಲೆ, ಮಡಚಿದ ಅಂಚಿನ ಮೇಲೆ ಅರ್ಧ ಅಲ್ಲಿ ಅರ್ಧ ಇಲ್ಲಿ ಬೀಳುವಂತೆ ಮೊಹರು ಒತ್ತಬೇಕು, ಇಲ್ಲವೇ ಸಹಿ ಹಾಕಬೇಕು.

ನಾನು ಓದಿದ ಸಂಸ್ಥೆಯ ಕಚೇರಿಯಲ್ಲಿ ಈ ಮೊಹರಿಗಾಗಿಯೇ ಮೂರು ವಾರ ಕಳೆಯಿತು. ಮೊದಲ ಬಾರಿ ಲಕೋಟೆಯನ್ನು ಅಂಟಿಸಿ ಮೊಹರನ್ನು ಮುಂಭಾಗದಲ್ಲಿ, ವಿಳಾಸದ ಪಕ್ಕದಲ್ಲಿ ಒತ್ತಿದ್ದರು. ಎರಡನೆಯ ಬಾರಿ ಅಂಚಿನ ಮೇಲೆ ಸರಿಯಾಗಿ ಒತ್ತಿದರು, ಆದರೆ ಕೋರಿಕೆ ನಮೂನೆ ಮೇಜಿನ ಮೇಲೆಯೇ ಉಳಿದುಹೋಗಿತ್ತು. ಒಡೆದು ಮತ್ತೆ ಅಂಟಿಸಿದ ಲಕೋಟೆಯನ್ನು ಯಾರೂ ಒಪ್ಪುವುದಿಲ್ಲವೆಂದು ವಿನಯದಿಂದ ವಿವರಿಸಿ ಹೊಸದೊಂದನ್ನು ಮಾಡಿಸಿಕೊಂಡೆ. ಅಲ್ಲಿನ ಗುಮಾಸ್ತರು ಕೆಟ್ಟವರಲ್ಲ, ಅವರಿಗೆ ಇಂಥ ಕೋರಿಕೆ ಬರುವುದೇ ವರ್ಷಕ್ಕೊಂದೋ ಎರಡೋ. ಆದ್ದರಿಂದ ಅರ್ಜಿ ಹಾಕುವವರು ಬೇರೆಲ್ಲ ಕೆಲಸಕ್ಕಿಂತ ಮೊದಲು ಈ ಲಕೋಟೆಯ ಕೆಲಸಕ್ಕೆ ಕೈಹಾಕಬೇಕು. ದಾಖಲೆ ಅಲ್ಲಿಗೆ ತಲುಪಿದ ಮೇಲೆ ಅದರ ಸ್ಥಿತಿ ಖಾತೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಂದ ಮುಂದೆ ನನಗೆ ಯಾವ ಆತಂಕವೂ ಇರಲಿಲ್ಲ. ಆದರೆ ಶಿಫಾರಸು ಪತ್ರಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಪತ್ರ ತಲುಪಿದರಷ್ಟೇ ಸಾಲದು, ಯಾವ ಪತ್ರ ಯಾವ ಶಾಲೆಗೆ ಹೋಗಬೇಕೆಂಬುದನ್ನು ಖಾತೆಯಲ್ಲಿ ನಾವೇ ನಿಗದಿಪಡಿಸಬೇಕು. ನಾನು ಅದನ್ನು ಒಂದು ಶಾಲೆಗೆ ಮಾಡದೆ ಬಿಟ್ಟಿದ್ದೆ, ಹಾಗಾಗಿ ಎರಡು ಪತ್ರಗಳೂ ಕೈಸೇರಿದ್ದರೂ ಆ ಅರ್ಜಿ ಹತ್ತು ದಿನ ಅಪೂರ್ಣವಾಗಿಯೇ ಬಿದ್ದಿತ್ತು. ತಪ್ಪು ಪೂರ್ತಿಯಾಗಿ ನನ್ನದು, ಸೂಚನೆ ಪುಟದಲ್ಲಿಯೇ ಇತ್ತು.

ಅಮೆರಿಕದಲ್ಲಿ ಓದಿ, ಅಲ್ಲಿ ವಕೀಲರಾಗಲು ಬೇಕಾದ ನ್ಯೂಯಾರ್ಕ್ ಬಾರ್ ಪರೀಕ್ಷೆ ಬರೆಯುವ ಯೋಚನೆ ಇರುವವರಿಗೆ ಬೌದ್ಧಿಕ ಆಸ್ತಿಯ ವಿಶೇಷ ಎಲ್‌ಎಲ್‌ಎಂ ಒಂದು ಇಕ್ಕಟ್ಟನ್ನು ತಂದೊಡ್ಡುತ್ತದೆ, ಮತ್ತು ಇದನ್ನು ಯಾವ ಸಲಹಾ ಸಂಸ್ಥೆಯೂ ನನಗೆ ಹೇಳಲಿಲ್ಲ. ವಿದೇಶದಲ್ಲಿ ಕಾನೂನು ಓದಿದವರು ಎಲ್‌ಎಲ್‌ಎಂ ಮೂಲಕ ಆ ಪರೀಕ್ಷೆಗೆ ಅರ್ಹತೆ ಪಡೆಯಬೇಕಾದರೆ ಕನಿಷ್ಠ 24 ಕ್ರೆಡಿಟ್‌ಗಳ ಪದವಿ ಬೇಕು. ಅದರೊಳಗೆ ವೃತ್ತಿ ಹೊಣೆಗಾರಿಕೆಗೆ 2, ಕಾನೂನು ಸಂಶೋಧನೆ ಮತ್ತು ಬರವಣಿಗೆಗೆ 2, ಅಮೆರಿಕದ ಕಾನೂನು ವ್ಯವಸ್ಥೆಯ ಪರಿಚಯಕ್ಕೆ 2, ಬಾರ್ ಪರೀಕ್ಷೆಯಲ್ಲಿ ಕೇಳುವ ವಿಷಯಗಳಿಗೆ 6, ಹೀಗೆ 12 ಕ್ರೆಡಿಟ್‌ಗಳು ಮೊದಲೇ ಮೀಸಲಾಗಿಬಿಡುತ್ತವೆ. ಪೇಟೆಂಟ್ ಆಗಲಿ ಕೃತಿಸ್ವಾಮ್ಯವಾಗಲಿ ಆ ಪರೀಕ್ಷೆಯ ವಿಷಯಗಳಲ್ಲ. ಅಂದಮೇಲೆ ಬೌದ್ಧಿಕ ಆಸ್ತಿಯನ್ನೇ ಓದಲು ಹೋದವರಿಗೆ ಉಳಿಯುವುದು ಅರ್ಧ ಮಾತ್ರ, ಮತ್ತು ಆ ಅರ್ಧದಲ್ಲಿ ವಿಶೇಷ ಪದವಿಗೆ ಬೇಕಾದ ಪಾಠಗಳೆಲ್ಲ ಹಿಡಿಯುತ್ತವೆಯೇ ಎಂಬುದನ್ನು ಶಾಲೆಯ ಪಾಠಪಟ್ಟಿಯನ್ನು ಮುಂದಿಟ್ಟುಕೊಂಡು ಕೂಡಿ ಕಳೆದು ನೋಡಬೇಕು. ಹೀಗೆ ಲೆಕ್ಕ ಹಾಕಿದ ಸಂಜೆಯೇ ನಾನು ಬಾರ್ ಪರೀಕ್ಷೆಯ ಯೋಚನೆಯನ್ನು ಕೈಬಿಟ್ಟೆ. ನನಗೆ ಬೇಕಾಗಿದ್ದದ್ದು ಇನ್ನೊಂದು ದೇಶದ ವಕೀಲಿಕೆಯಲ್ಲ, ನನ್ನ ವಿಷಯದ ಆಳವಾದ ಓದು ಎಂಬುದು ಆ 12 ಮತ್ತು 12ರ ನಡುವೆ ತಾನಾಗಿ ತಿಳಿಯಿತು.

ಈಗ ಸಲಹಾ ಸಂಸ್ಥೆಯ ವಿಷಯ. ಹೆಸರು ಬೇಡ. ಈ ಕೋರ್ಸನ್ನು ಏಕೆ ಓದಬಯಸುತ್ತೇವೆಂದು ಹೇಳುವ ಉದ್ದೇಶ ಪತ್ರವನ್ನು ತಜ್ಞರು ತಿದ್ದಿಕೊಡುತ್ತಾರೆ, ಕಾನೂನು ಓದಿದವರೇ ನೋಡುತ್ತಾರೆ ಎಂಬ ಭರವಸೆಯ ಮೇಲೆ ನಾನು ಪೂರ್ತಿ ಶುಲ್ಕವನ್ನು ಮುಂಗಡವಾಗಿ ಕಟ್ಟಿದೆ. ಒಂದು ಪ್ರಶ್ನಾವಳಿ ಬಂತು, ತುಂಬಿ ಕಳುಹಿಸಿದೆ. ಹನ್ನೆರಡು ದಿನಗಳ ನಂತರ ಬಂದ ಕರಡಿನ ಮೊದಲ ವಾಕ್ಯ, ಸೃಜನಶೀಲತೆಯೇ ಮಾನವ ನಾಗರಿಕತೆಯ ಅಡಿಪಾಯ ಎಂಬರ್ಥದ್ದು. ಎರಡನೆಯ ಪ್ಯಾರಾದಲ್ಲಿ ನಾನು ಕಂಪನಿಗಳ ಲಾಂಛನಗಳಿಗೆ ಪೇಟೆಂಟ್ ಕೊಡಿಸುವ ಕೆಲಸ ಮಾಡುತ್ತೇನೆಂದು ಬರೆದಿತ್ತು. ಲಾಂಛನಕ್ಕೆ ಸಿಗುವುದು ಟ್ರೇಡ್‌ಮಾರ್ಕ್. ಪೇಟೆಂಟ್ ಸಿಗುವುದು ಆವಿಷ್ಕಾರಕ್ಕೆ. ಈ ವಿಷಯವನ್ನೇ ಓದಲು ಹೊರಟವನ ಪತ್ರದಲ್ಲಿ ಈ ಒಂದು ತಪ್ಪು ಉಳಿದಿದ್ದರೆ ಮುಂದಿನ ಸಾಲುಗಳನ್ನು ಯಾವ ಪ್ರಾಧ್ಯಾಪಕರೂ ಓದುತ್ತಿರಲಿಲ್ಲ. ಕೊನೆಯ ಪ್ಯಾರಾದಲ್ಲಿ ನಾನು ಅರ್ಜಿಯನ್ನೇ ಹಾಕದ ವಿಶ್ವವಿದ್ಯಾಲಯವೊಂದರ ಹೆಸರಿತ್ತು, ಅಂದರೆ ಆ ಪ್ಯಾರಾವನ್ನು ಮತ್ತೊಬ್ಬರ ಪತ್ರದಿಂದ ಎತ್ತಿ ತಂದಿದ್ದರು. ತಿದ್ದುಪಡಿ ಕೇಳಿದಾಗ ಆ ಹೆಸರೊಂದನ್ನು ಬದಲಿಸಿ ಮರಳಿಸಿದರು. ಶುಲ್ಕದ ಒಂದು ಭಾಗವನ್ನಾದರೂ ಹಿಂದಿರುಗಿಸಿ ಎಂಬ ನನ್ನ ಕೋರಿಕೆಗೆ ಇಂದಿಗೂ ಉತ್ತರವಿಲ್ಲ. ಹಣ ಹೋದ ನೋವಿಗಿಂತ, ಬರೆದವನ ಸ್ವತ್ತನ್ನು ಗೌರವಿಸಬೇಕೆಂದು ಕಲಿಸುವ ಕೋರ್ಸಿನ ಅರ್ಜಿಗೆ ಮತ್ತೊಬ್ಬರ ವಾಕ್ಯಗಳನ್ನು ನನ್ನವೆಂದು ಕೊಡಲು ಹೊರಟದ್ದು ನನ್ನನ್ನು ಹೆಚ್ಚು ಕಾಡಿತು.

ಆ ಕರಡನ್ನು ಪೂರ್ತಿಯಾಗಿ ಪಕ್ಕಕ್ಕಿಟ್ಟು ಹೊಸದಾಗಿ ಬರೆಯಲು ಕುಳಿತಾಗ, ನನಗೆ ನೆನಪಾದದ್ದು ಎರಡು ವರ್ಷದ ಹಿಂದೆ ನನ್ನ ಮೇಜಿಗೆ ಬಂದಿದ್ದ ಒಂದು ಆಕ್ಷೇಪಣೆ. ಎರಡು ಗುರುತುಗಳು, ಎರಡೂ ನೀಸ್ ವರ್ಗೀಕರಣದ, ಅಂದರೆ ಟ್ರೇಡ್‌ಮಾರ್ಕ್ ನೋಂದಣಿಗಾಗಿ ಸರಕು ಮತ್ತು ಸೇವೆಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯ, ಒಂದೇ ವರ್ಗದ ಸರಕಿಗೆ. ಒಂದನ್ನು ಒಂದು ಲಿಪಿಯಲ್ಲಿ ಬರೆದಿದ್ದರು, ಇನ್ನೊಂದನ್ನು ಮತ್ತೊಂದು ಲಿಪಿಯಲ್ಲಿ. ಕಣ್ಣಿಗೆ ಅವೆರಡರ ನಡುವೆ ಒಂದೇ ಒಂದು ಗೆರೆಯ ಹೋಲಿಕೆಯೂ ಇರಲಿಲ್ಲ. ಬಾಯಲ್ಲಿ ಹೇಳಿದರೆ ಎರಡೂ ಹೆಚ್ಚುಕಡಿಮೆ ಒಂದೇ ಪದ, ಕೊನೆಯ ಸ್ವರ ಮಾತ್ರ ತುಸು ದೀರ್ಘ. ಯುರೋಪಿನ ನ್ಯಾಯಾಲಯ 1997ರ ಸೇಬೆಲ್ ಮತ್ತು ಪೂಮಾ ಪ್ರಕರಣದಲ್ಲಿ ಗುರುತುಗಳ ಹೋಲಿಕೆಯನ್ನು ನೋಟ, ಉಚ್ಚಾರ, ಅರ್ಥ ಈ ಮೂರರಿಂದಲೂ, ಸಾಮಾನ್ಯ ಗ್ರಾಹಕನ ದೃಷ್ಟಿಯಿಂದ ಒಟ್ಟಾಗಿ ಅಳೆಯಬೇಕೆಂದು ಹೇಳಿತು. ಆದರೆ ಎರಡು ಲಿಪಿಗಳನ್ನೂ ಓದಬಲ್ಲ ಗ್ರಾಹಕ, ಒಂದನ್ನು ಮಾತ್ರ ಓದಬಲ್ಲ ಗ್ರಾಹಕ, ಯಾವುದನ್ನೂ ಓದದೆ ಹೆಸರು ಕೇಳಿ ಕೊಳ್ಳುವ ಗ್ರಾಹಕ, ಇವರಲ್ಲಿ ಆ ಸಾಮಾನ್ಯ ಗ್ರಾಹಕ ಯಾರು? ನನ್ನ ಉದ್ದೇಶ ಪತ್ರ ಈ ಪ್ರಶ್ನೆಯಿಂದಲೇ ಆರಂಭವಾಯಿತು. ಕಕ್ಷಿದಾರರ ಹೆಸರನ್ನಾಗಲಿ ಗುರುತುಗಳನ್ನಾಗಲಿ ಬರೆಯಲಿಲ್ಲ, ಬರೆಯುವುದು ಸರಿಯೂ ಅಲ್ಲ. ನಾಲ್ಕು ಸಾಲಿನಲ್ಲಿ ಸಮಸ್ಯೆ, ಅದಕ್ಕೆ ನನ್ನ ಕಚೇರಿಯ ಅನುಭವ ಕೊಟ್ಟ ಅರ್ಧ ಉತ್ತರ, ಉಳಿದರ್ಧವನ್ನು ಆಯಾ ವಿಶ್ವವಿದ್ಯಾಲಯದ ಯಾವ ಪಾಠದಲ್ಲಿ ಹುಡುಕಬಯಸುತ್ತೇನೆಂಬ ವಿವರ. ಐದು ಅರ್ಜಿಗಳಿಗೂ ಮೊದಲರ್ಧ ಒಂದೇ ಆಗಿತ್ತು. ಎರಡನೆಯ ಅರ್ಧವನ್ನು ಆಯಾ ಕಡೆಯ ಪಾಠಪಟ್ಟಿ ಓದಿ ಐದು ಬಾರಿ ಬೇರೆ ಬೇರೆಯಾಗಿ ಬರೆದೆ. ಪ್ರತಿಯೊಂದಕ್ಕೂ ಎರಡು ಸಂಜೆ ಹಿಡಿದವು.

ಶಿಫಾರಸು ಪತ್ರದ ವಿಷಯದಲ್ಲಿ ನನ್ನ ಅಭಿಪ್ರಾಯ ಚಿಕ್ಕದು. ದೊಡ್ಡ ಹುದ್ದೆಯವರಿಂದ ನಾಲ್ಕು ಸಾಲಿನ ಹೊಗಳಿಕೆ ಪಡೆಯುವುದಕ್ಕಿಂತ, ನಮ್ಮ ಬರವಣಿಗೆಯನ್ನು ನಿಜವಾಗಿ ತಿದ್ದಿದವರಿಂದ ಒಂದು ಪುಟ ಪಡೆಯುವುದು ಲೇಸು. ನನ್ನ ಹಿರಿಯ ವಕೀಲರು ಮೇಲೆ ಹೇಳಿದ ಆಕ್ಷೇಪಣೆಯಲ್ಲಿ ನಾನು ಸಿದ್ಧಪಡಿಸಿದ ಟಿಪ್ಪಣಿಯನ್ನೇ ಉಲ್ಲೇಖಿಸಿ ಬರೆದರು. ಪತ್ರ ಮತ್ತು ಉದ್ದೇಶ ಪತ್ರ ಒಂದಕ್ಕೊಂದು ಸಾಕ್ಷಿಯಾದವು.

ದಿನಾಂಕಗಳ ಬಗ್ಗೆಯೂ ಹೇಳಲೇಬೇಕು. ವಿದ್ಯಾರ್ಥಿವೇತನ ಬೇಕಾದವರು ವಿಶ್ವವಿದ್ಯಾಲಯದ ಕೊನೆಯ ದಿನಾಂಕವನ್ನು ನಂಬಿ ಕೂರಬಾರದು, ಏಕೆಂದರೆ ವಿದ್ಯಾರ್ಥಿವೇತನದ ಬಾಗಿಲು ಸಾಮಾನ್ಯವಾಗಿ ಅದಕ್ಕೂ ಮೊದಲೇ ಮುಚ್ಚುತ್ತದೆ. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಕನಿಷ್ಠ 2 ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಕನಿಷ್ಠ 2 ವರ್ಷ ತನ್ನ ದೇಶಕ್ಕೆ ಮರಳಿ ಇರಬೇಕು. ಆ ಅರ್ಜಿ ತುಂಬುವ ಹೊತ್ತಿಗೆ ಅನೇಕ ವಿಶ್ವವಿದ್ಯಾಲಯಗಳಿಂದ ಉತ್ತರ ಬಂದಿರುವುದಿಲ್ಲ. ಐಇಎಲ್‌ಟಿಎಸ್ ಮತ್ತು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗಳ ಫಲಿತಾಂಶಗಳು 2 ವರ್ಷ ಮಾತ್ರ ಊರ್ಜಿತವಾಗಿರುತ್ತವೆ, ಆದ್ದರಿಂದ ಉತ್ಸಾಹದಲ್ಲಿ ತೀರ ಮೊದಲೇ ಬರೆದಿಡುವುದೂ ಪ್ರಯೋಜನವಿಲ್ಲ.

ಐದರಲ್ಲಿ ಮೂರು ಕಡೆಯಿಂದ ಪ್ರವೇಶ ಸಿಕ್ಕಿತು, ಎರಡು ಕಡೆ ಇಲ್ಲವೆಂದರು. ಪ್ರವೇಶ ಕೊಟ್ಟವರಲ್ಲಿ ಒಬ್ಬರು ಅದಕ್ಕೆ ಮೊದಲು ಆನ್‌ಲೈನ್ ಸಂದರ್ಶನ ನಡೆಸಿದರು. ನನ್ನ ಅಂಕಗಳ ಬಗ್ಗೆ, ಊರಿನ ಬಗ್ಗೆ, ಮುಂದಿನ ಯೋಜನೆಗಳ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಪ್ರಾಧ್ಯಾಪಕರು ನನ್ನ ಉದ್ದೇಶ ಪತ್ರವನ್ನು ಮುಂದಿಟ್ಟುಕೊಂಡು, ಎರಡು ಲಿಪಿಗಳ ಆ ಗುರುತುಗಳನ್ನು ನೀವೇ ನಿರ್ಧರಿಸಬೇಕಾಗಿದ್ದರೆ ಯಾವ ಗ್ರಾಹಕನನ್ನು ಎದುರಿಗೆ ಇಟ್ಟುಕೊಳ್ಳುತ್ತಿದ್ದಿರಿ ಎಂದು ಕೇಳಿದರು. ಆ ಸರಕನ್ನು ಜನ ಅಂಗಡಿಯ ಕಪಾಟಿನಿಂದ ಎತ್ತಿಕೊಳ್ಳುತ್ತಾರೆಯೇ ಅಥವಾ ಹೆಸರು ಹೇಳಿ ಕೇಳಿ ಪಡೆಯುತ್ತಾರೆಯೇ ಎಂಬುದನ್ನು ಮೊದಲು ನೋಡುತ್ತೇನೆ, ಹೇಳಿ ಕೊಳ್ಳುವ ಸರಕಾದರೆ ಕಿವಿಗೆ ಹೆಚ್ಚು ತೂಕ ಕೊಡುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಹಾಗಾದರೆ ಅದೇ ಸರಕನ್ನು ನಾಳೆ ಜನ ಮೊಬೈಲ್ ಪರದೆಯಲ್ಲಿ ನೋಡಿ ಕೊಳ್ಳತೊಡಗಿದರೆ ನೋಂದಣಿಯಾದ ಗುರುತಿನ ಗತಿಯೇನು ಎಂದು ಮರುಪ್ರಶ್ನೆ ಹಾಕಿದರು. ಇಪ್ಪತ್ತು ನಿಮಿಷದ ಸಂದರ್ಶನ ನಲವತ್ತು ನಿಮಿಷಕ್ಕೆ ಬೆಳೆಯಿತು. ನಾನು ಈಗ ಸೇರಿರುವುದು ಅಲ್ಲಿಯೇ, ಮತ್ತು ಅವರ ಮರುಪ್ರಶ್ನೆಯೇ ನನ್ನ ಪ್ರಬಂಧದ ವಿಷಯ.